ಗಡಿಯಾಚೆಯ ಕಚೇರಿಗೆ ಮನೆಯಿಂದೊಂದು ಸುರಂಗ

2020ನೆಯ ಇಸವಿಯ ಮಾರ್ಚ್ ತಿಂಗಳ ಕೊನೆಯ ವಾರವನ್ನು ಕಾಸರಗೋಡು ಸೀಮೆಯ ಕನ್ನಡಿಗರು ಬೇಗನೆ ಮರೆಯಲಾರರು. ಕೋವಿಡ್ ವ್ಯಾಧಿಯ ಭಯದಿಂದ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ತಲಪಾಡಿಯ ಹೆದ್ದಾರಿಯಲ್ಲಿ ವಾಹನಗಳು ನಿಂತವು. ಗಡಿಯ ಒಳದಾರಿಗಳಿಗೆ ಮಣ್ಣು ಸುರಿದು ಮುಚ್ಚಲಾಯಿತು. ಔಷಧಕ್ಕೂ ಕಾಲೇಜಿಗೂ ಜವಳಿಗೂ ಉದ್ಯೋಗಕ್ಕೂ ಮಂಗಳೂರನ್ನೇ ನೆಚ್ಚಿಕೊಂಡು ಬಂದ ಜನ ನಾವು. ಅಲ್ಲಿನ ಆಸ್ಪತ್ರೆಗಳನ್ನು ನಂಬಿದ್ದ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟ ಪ್ರಕರಣ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ನೋವಿನ ಕಥೆ ಬೇರೆಯೇ ಇದೆ. ನಾವೀಗ ಹೇಳಹೊರಟಿರುವುದು ಅದೇ ದಿನಗಳಲ್ಲಿ, ಅದೇ ಗಡಿಯನ್ನು ಸದ್ದಿಲ್ಲದೆ ದಾಟಿದ ಇನ್ನೊಂದು ದಾರಿಯ ವಿಚಾರ.

ಮಂಜೇಶ್ವರದಿಂದ ದಿನವೂ ಬಸ್ಸಿನಲ್ಲಿ ಮಂಗಳೂರಿನ ಕಚೇರಿಯೊಂದಕ್ಕೆ ಹೋಗಿ ಬರುತ್ತಿದ್ದ ನಮ್ಮ ಮಗಳು ಗಡಿ ಮುಚ್ಚುವ ಎರಡು ದಿನ ಮೊದಲು ಕಚೇರಿಯ ಲ್ಯಾಪ್‌ಟಾಪ್ ಗಣಕವನ್ನು ಹೆಗಲಿಗೆ ತೂಗುಹಾಕಿಕೊಂಡು ಮನೆಗೆ ಬಂದಳು. ಮರುವಾರ ಚಾವಡಿಯ ಮೂಲೆಯಲ್ಲಿ ಮೇಜು ಹಾಕಿ ಕುಳಿತು, ಏನೇನೋ ಅಕ್ಷರ ಒತ್ತಿ, “ಅಪ್ಪಾ, ನಾನೀಗ ಆಫೀಸಿನ ಒಳಗಿದ್ದೇನೆ. ಐದು ಗಂಟೆಯ ತನಕ ಕರೆಯಬೇಡಿ” ಎಂದಳು. ಹೊಸ್ತಿಲಲ್ಲಿ ನಿಂತಿದ್ದ ಅವಳ ಅಜ್ಜಿ, “ಇಲ್ಲೇ ಕೂತಿದ್ದಾಳೆ, ಒಳಗಿದ್ದೇನೆ ಅಂತಾಳಲ್ಲ!” ಎಂದು ಬೆರಗಾದರು. ಅಂದು ಅಜ್ಜಿಗೆ ಹೇಳಲಾಗದ ಉತ್ತರವನ್ನು ಆಮೇಲಿನ ವರ್ಷಗಳಲ್ಲಿ ನಾವು ಕೇಳಿ, ಓದಿ, ಒಮ್ಮೆ ಎಡವಿಯೂ ಕಲಿತುಕೊಂಡೆವು. ಮನೆಯಲ್ಲಿ ಇಂಥ ಮೇಜೊಂದನ್ನು ಇಟ್ಟುಕೊಂಡಿರುವ ನಮ್ಮ ಓದುಗರಿಗೆ ಅದು ಪ್ರಯೋಜನಕ್ಕೆ ಬಂದೀತೆಂಬ ಭಾವನೆಯಿಂದ ಇಲ್ಲಿ ಬರೆಯುತ್ತಿದ್ದೇವೆ.

ಒಳಮನೆಯ ವಿಳಾಸ

ಅಂತರಜಾಲವೆಂಬುದು ಊರೂರುಗಳನ್ನು ಕೂಡಿಸುವ ಹೆದ್ದಾರಿಯಿದ್ದಂತೆ. ಅಲ್ಲಿ ಯಾರು ಬೇಕಾದರೂ ಸಂಚರಿಸಬಹುದು. ಆದರೆ ಕಚೇರಿಯ ಲೆಕ್ಕಪತ್ರ, ಕಾಲೇಜಿನ ಅಂಕಪಟ್ಟಿ, ಆಸ್ಪತ್ರೆಯ ರೋಗಿಗಳ ದಾಖಲೆ ಇವೆಲ್ಲ ಇರುವುದು ಹೆದ್ದಾರಿಯ ಬದಿಯಲ್ಲಲ್ಲ, ಆಯಾ ಸಂಸ್ಥೆಯ ಒಳಜಾಲದಲ್ಲಿ. ಈ ಒಳಜಾಲದ ಯಂತ್ರಗಳಿಗೆ ಇರುವುದು ಒಳಗಿನ ವಿಳಾಸಗಳು ಮಾತ್ರ. 10ರಿಂದ ಅಥವಾ 192.168ರಿಂದ ತೊಡಗುವ ಸಂಖ್ಯೆಗಳನ್ನು ಯಾರು ಬೇಕಾದರೂ ತಮ್ಮ ತಮ್ಮ ಆವರಣದೊಳಗೆ ಬಳಸಿಕೊಳ್ಳಬಹುದೆಂದು 1996ರ ಒಂದು ನಿಯಮಾವಳಿ ಬಿಟ್ಟುಕೊಟ್ಟಿದೆ. ನಮ್ಮ ಕಡೆಯಲ್ಲಿ ‘ಮೇಲಿನ ಮನೆ’, ‘ಕೆಳಗಿನ ಮನೆ’ ಎಂಬ ಹೆಸರುಗಳು ಎಷ್ಟು ಊರುಗಳಲ್ಲಿಲ್ಲ! ಊರೊಳಗೆ ಆ ಹೆಸರು ಸಾಕು; ಆದರೆ ಬರಿಯ ‘ಮೇಲಿನ ಮನೆ’ ಎಂದು ಬರೆದು ದೂರದ ಊರಿನಿಂದ ಅಂಚೆಗೆ ಹಾಕಿದ ಕಾಗದ ಎಲ್ಲಿಯೂ ಮುಟ್ಟಲಾರದು. ಒಳವಿಳಾಸದ ಸ್ಥಿತಿಯೂ ಹೀಗೆಯೇ. ಮನೆಯ ಗಣಕವು ಕಚೇರಿಯ ಕಡತವನ್ನು ತೆರೆಯಬೇಕಾದರೆ, ತಾನೇ ಆ ಆವರಣದೊಳಗೆ ಇರುವಂತೆ ಆಗಬೇಕು.

ಈ ಒಳವಿಳಾಸದ ತಂಟೆಯನ್ನು ನಾವು ಮೊದಲ ದಿನವೇ ಕಂಡೆವು. ಸಂಪರ್ಕವಾಗಿದೆಯೆಂದು ಪರದೆ ಹೇಳುತ್ತಿತ್ತು. ಕಡತ ಮಾತ್ರ ಒಂದೂ ತೆರೆಯದು. ಮಧ್ಯಾಹ್ನದವರೆಗೆ ತಲೆಕೆಡಿಸಿಕೊಂಡ ಮೇಲೆ ತಿಳಿಯಿತು: ನಮ್ಮ ಮನೆಯ ರೌಟರು ಹಂಚುವ ವಿಳಾಸಗಳೂ ಆ ಕಚೇರಿಯ ವಿಳಾಸಗಳೂ ಒಂದೇ ಸಾಲಿನವು. ಎರಡು ‘ಮೇಲಿನ ಮನೆ’ಗಳ ನಡುವೆ ಗಣಕಕ್ಕೆ ದಿಕ್ಕು ತಪ್ಪಿತ್ತು. ರೌಟರಿನಲ್ಲಿ ಒಂದು ಅಂಕೆಯನ್ನು ಬದಲಿಸಿದೊಡನೆ ಎಲ್ಲವೂ ಸರಿಹೋಯಿತು.

ಸುರಂಗದ ಒಳಗೆ

ಇಂಥ ಸಂಪರ್ಕಕ್ಕೆ ವಿ.ಪಿ.ಎನ್. ಎಂಬ ಹೆಸರಿದೆ, ಸಾರ್ವಜನಿಕ ದಾರಿಯ ಮೇಲೆಯೇ ಕಲ್ಪಿಸಿಕೊಂಡ ಖಾಸಗಿ ಜಾಲ ಎಂದು ಅದರ ಅರ್ಥ. ತಂತ್ರಜ್ಞರು ಅದನ್ನು ‘ಸುರಂಗ’ವೆಂದೇ ಕರೆಯುತ್ತಾರೆ. ಬಾಯಾರು, ಪಡ್ರೆ, ಎಣ್ಮಕಜೆ ಕಡೆಯವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡದ ಹೊಟ್ಟೆಯೊಳಗೆ ಒಬ್ಬ ಮನುಷ್ಯ ನುಗ್ಗುವಷ್ಟೇ ಅಗಲಕ್ಕೆ ಅಡ್ಡಲಾಗಿ ಕೊರೆದು ನೀರನ್ನು ಅಂಗಳದ ತೊಟ್ಟಿಗೆ ತಂದುಕೊಂಡವರ ಮೊಮ್ಮಕ್ಕಳು ನಾವು. ಗುಡ್ಡದ ಮೇಲೆ ಯಾರು ನಡೆದರೂ ದನ ಮೇಯಿಸಿದರೂ ಒಳಗಿನ ನೀರು ತನ್ನ ಪಾಡಿಗೆ ಹರಿದು ಮನೆ ಸೇರುತ್ತದೆ.

ಗಣಕದ ಸುರಂಗದಲ್ಲಿ ನಡೆಯುವುದು ಹೀಗೆ. ಅಂತರಜಾಲದಲ್ಲಿ ಯಾವ ಸಂದೇಶವೂ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ, ಪ್ರತಿಯೊಂದರ ಮೇಲೂ ವಿಳಾಸ ಹೊತ್ತು ಹೋಗುತ್ತದೆ. ಕಚೇರಿಗೆ ಹೋಗಬೇಕಾದ ಪೊಟ್ಟಣವನ್ನು ಮನೆಯ ಗಣಕವು ಮೊದಲು ಗೂಢಲಿಪಿಗೆ ತಿರುಗಿಸಿ, ಒಳವಿಳಾಸ ಸಮೇತ ಇನ್ನೊಂದು ಲಕೋಟೆಯೊಳಗೆ ಇಡುತ್ತದೆ. ಹೊರಲಕೋಟೆಯ ಮೇಲೆ ಬರೆಯುವುದು ಕಚೇರಿಯ ಹೆಬ್ಬಾಗಿಲಿನಲ್ಲಿರುವ ಯಂತ್ರದ ವಿಳಾಸವನ್ನು ಮಾತ್ರ. ಆ ಯಂತ್ರವು ಹೊರಲಕೋಟೆಯನ್ನು ಹರಿದು, ಗೂಢಲಿಪಿಯನ್ನು ಬಿಡಿಸಿ, ಒಳಗಿನ ಪೊಟ್ಟಣವನ್ನು ಸೇರಬೇಕಾದ ಕೋಣೆಗೆ ಕಳುಹಿಸುತ್ತದೆ. ಮನೆಯ ಗಣಕಕ್ಕೂ ಆ ಹೊತ್ತಿಗೆ ಕಚೇರಿಯ ಒಳವಿಳಾಸವೊಂದು ದೊರೆಯುತ್ತದೆ. ಹಾಗಾಗಿ ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರವಿದು: ಮಗಳು ಕುಳಿತಿದ್ದುದು ಚಾವಡಿಯಲ್ಲಿ, ಅವಳ ಗಣಕ ಮಾತ್ರ ನಿಜವಾಗಿಯೂ ಆಫೀಸಿನ ಒಳಗಿತ್ತು.

ನಡುದಾರಿಯಲ್ಲಿರುವವರಿಗೆ ಕಾಣುವುದು ಹೊರಲಕೋಟೆ. ಯಾವ ಮನೆಯಿಂದ ಯಾವ ಹೆಬ್ಬಾಗಿಲಿಗೆ, ಎಷ್ಟು ಹೊತ್ತಿಗೆ, ಎಷ್ಟು ತೂಕದ ಪೊಟ್ಟಣ ಹೋಯಿತು ಎಂಬಷ್ಟನ್ನು ಅವರು ತಿಳಿಯಬಲ್ಲರು, ಒಳಗಿರುವುದೇನೆಂದು ಓದಲಾರರು. ಆದರೆ ಹಿಂದೆ ಒಮ್ಮೆಯೂ ಭೇಟಿಯಾಗದ ಎರಡು ಯಂತ್ರಗಳು ಎಲ್ಲರೂ ಕೇಳಿಸಿಕೊಳ್ಳಬಹುದಾದ ತಂತಿಯ ಮೇಲೆಯೇ ಗುಟ್ಟಿನ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಇದಕ್ಕೊಂದು ಗಣಿತದ ಉಪಾಯವನ್ನು ಪ್ರಕಟಿಸಿದರು. ಇಬ್ಬರೂ ತಮ್ಮ ತಮ್ಮ ಗುಟ್ಟಿನ ಸಂಖ್ಯೆಯನ್ನು ಬಯಲಿನ ಸಂಖ್ಯೆಯೊಂದಿಗೆ ಬೆರೆಸಿ ಪರಸ್ಪರ ಕಳುಹಿಸುತ್ತಾರೆ. ಬಂದುದಕ್ಕೆ ತಮ್ಮದನ್ನು ಮತ್ತೆ ಬೆರೆಸಿದಾಗ ಇಬ್ಬರ ಕೈಯಲ್ಲೂ ಒಂದೇ ಉತ್ತರ ಉಳಿಯುತ್ತದೆ. ಅರಸಿನ ಸುಣ್ಣ ಕಲಸಿ ಕೆಂಪಾದ ಮೇಲೆ ಅರಸಿನವನ್ನು ಬೇರ್ಪಡಿಸಲಾಗದಂತೆ, ನಡುವೆ ಕದ್ದು ನೋಡಿದವನು ಬೆರೆತುದನ್ನು ಬಿಡಿಸಲಾರ. ಇಂದಿನ ಸುರಂಗಗಳಲ್ಲಿ ಕೀಲಿ ಕೂಡಿಸುವ ಕೆಲಸ ಬಹುಮಟ್ಟಿಗೆ ಈ ಉಪಾಯದ ಮೇಲೆಯೇ ನಿಂತಿದೆ.

ಅನುಭವ ಕಲಿಸಿದ ಎಚ್ಚರ

ದೂರದ ಯಂತ್ರದೊಳಗೆ ಪ್ರವೇಶಿಸುವ ಆಸೆ ಜಾಲದಷ್ಟೇ ಹಳೆಯದು. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕಕ್ಕೆ ಕಳುಹಿಸಲು ಹೊರಟ ಮೊದಲ ಶಬ್ದ ‘ಲಾಗಿನ್’ ಎಂಬುದು. ಎಂದರೆ, ಒಳಗೆ ಬರುತ್ತೇನೆ ಎಂಬ ವಿನಂತಿ. ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಸುಮಾರು ಒಂದು ಗಂಟೆಯ ಬಳಿಕ ಮತ್ತೆ ಪ್ರಯತ್ನಿಸಿದಾಗ ಪ್ರವೇಶ ದೊರೆಯಿತು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ, ವಿದೇಶ್ ಸಂಚಾರ್ ನಿಗಮದ ಮೂಲಕ. ಅದೇ ವರ್ಷ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ, ಹಾದುಹೋಗುತ್ತಿದ್ದ ಪಾಸ್‌ವರ್ಡುಗಳನ್ನು ಕದ್ದರು. ಆಗಿನ ವಿಧಾನದಲ್ಲಿ ಪಾಸ್‌ವರ್ಡು ಬರೆದಿಟ್ಟ ಅಕ್ಷರದಂತೆಯೇ ಬಯಲಾಗಿ ತಂತಿಯಲ್ಲಿ ಹೋಗುತ್ತಿತ್ತು. ಅಲ್ಲಿನ ಸಂಶೋಧಕ ತಾತು ಇಲೋನೆನ್ ಅದಕ್ಕೆ ಪರಿಹಾರವಾಗಿ ಎಸ್.ಎಸ್.ಎಚ್. ಎಂಬ ಗೂಢಸಂಪರ್ಕದ ಕ್ರಮವನ್ನು ರಚಿಸಿದರು. 2001ರಲ್ಲಿ ‘ಓಪನ್‌ವಿಪಿಎನ್’ ತಂತ್ರಾಂಶವನ್ನು ಹೊರತಂದ ಜೇಮ್ಸ್ ಯೋನನ್, ಮಧ್ಯ ಏಷ್ಯಾದಲ್ಲಿ ಪ್ರವಾಸ ಮಾಡುತ್ತಾ ದೂರದ ಕಚೇರಿಯ ಕೆಲಸ ಮಾಡುತ್ತಿದ್ದವರು; ತಮ್ಮ ಸಂದೇಶಗಳು ಯಾರು ಯಾರ ಕೈ ದಾಟಿ ಹೋಗುತ್ತಿವೆಯೆಂಬ ಅಳುಕೇ ಅವರನ್ನು ಆ ಕೆಲಸಕ್ಕೆ ಹಚ್ಚಿತು. ಜೇಸನ್ ಡೋನೆನ್‌ಫೆಲ್ಡ್ ಎಂಬವರ ‘ವೈರ್‌ಗಾರ್ಡ್’ ಎಂಬ ಹಗುರವಾದ ಸುರಂಗವು ಲಿನಕ್ಸ್ ವ್ಯವಸ್ಥೆಯ ಒಡಲಿಗೆ ಸೇರಿದ್ದು 2020ರ ಮಾರ್ಚ್ ಕೊನೆಯಲ್ಲಿ, ನಮ್ಮ ತಲಪಾಡಿ ಮುಚ್ಚಿದ ವಾರದಲ್ಲಿಯೇ.

ಆರು ಅಂಕೆಗಳು

ಇಷ್ಟೆಲ್ಲ ಗಣಿತ ಕಾಯುತ್ತಿರುವಾಗ ಮನೆಯವರು ಮಾಡಬೇಕಾದುದೇನಿದೆ ಎಂದು ನಾವು ನಿಶ್ಚಿಂತರಾಗಿದ್ದೆವು. ಆ ನಿಶ್ಚಿಂತೆ ತಪ್ಪೆಂದು ತಿಳಿದದ್ದು ಆ ವರ್ಷದ ಆಟಿ ತಿಂಗಳಲ್ಲಿ.

ಮಗಳು ಹಿತ್ತಲಿಗೆ ಹೋಗಿದ್ದ ಹೊತ್ತು. ಮೇಜಿನ ಮೇಲಿದ್ದ ಅವಳ ಮೊಬೈಲು ರಿಂಗಣಿಸಿತು, ನಾವು ಎತ್ತಿಕೊಂಡೆವು. ಆಚೆಯ ದನಿ ಬಹಳ ವಿನಯದ್ದು. “ಸಾರ್, ಆಫೀಸಿನ ಕಂಪ್ಯೂಟರ್ ವಿಭಾಗದಿಂದ ಮಾತನಾಡುತ್ತಿದ್ದೇನೆ. ಮೇಡಂ ಅವರ ಲಾಗಿನ್ ನಿಂತುಹೋಗಿದೆ. ಈಗಷ್ಟೆ ಮೊಬೈಲಿಗೆ ಬಂದ ಆರು ಅಂಕೆ ಹೇಳಿದರೆ ಸರಿಮಾಡಿ ಕೊಡುತ್ತೇವೆ” ಎಂದಿತು. ಮಗಳ ಕೆಲಸಕ್ಕೆ ಅಡ್ಡಿಯಾಗಬಾರದೆಂಬ ಕಾಳಜಿಯಿಂದ ನಾವು ಕನ್ನಡಕ ಹಾಕಿಕೊಂಡು ಓದತೊಡಗಿದೆವು. ನಾಲ್ಕು ಅಂಕೆಗಳನ್ನು ಹೇಳಿಯೂ ಆಗಿತ್ತು. ಕೈ ಒರಸಿಕೊಳ್ಳುತ್ತ ಒಳಗೆ ಬಂದ ಮಗಳು, “ಯಾರಪ್ಪಾ ಅದು?” ಎಂದು ಕೇಳಿದಳು. ಆ ಪ್ರಶ್ನೆ ಕೇಳಿಸಿದೊಡನೆ ಆಚೆಯವನು ಫೋನು ಇಟ್ಟುಬಿಟ್ಟ.

ಅವಳ ಮುಖ ಬಿಳಿಚಿದುದನ್ನು ನಾವು ಇನ್ನೂ ಮರೆತಿಲ್ಲ. ಆ ಆರು ಅಂಕೆಗಳು ಎರಡನೆಯ ಬೀಗ, ಮೊದಲನೆಯದು ಪಾಸ್‌ವರ್ಡು. ಎರಡನೆಯದನ್ನು ಕೇಳಿದನೆಂದರೆ ಮೊದಲನೆಯದು ಅವನ ಕೈಯಲ್ಲಿ ಆಗಲೇ ಇತ್ತೆಂದು ಅರ್ಥ. ಅವಳು ಆ ಕ್ಷಣವೇ ಕಚೇರಿಗೆ ತಿಳಿಸಿ ಪಾಸ್‌ವರ್ಡು ಬದಲಾಯಿಸಿದಳು. ಅದೇ ಪಾಸ್‌ವರ್ಡನ್ನು ಸೀರೆ ಕೊಳ್ಳುವ ಜಾಲತಾಣವೊಂದರಲ್ಲಿಯೂ ಬಳಸಿದ್ದಳೆಂಬುದು ಆಗ ನೆನಪಾಯಿತು. ಎಲ್ಲಿಂದ ಸೋರಿತೋ ಯಾರು ಬಲ್ಲರು! ಇನ್ನೆರಡು ಅಂಕೆ ನಮ್ಮ ಬಾಯಿಂದ ಹೊರಬಿದ್ದಿದ್ದರೆ, ಅವಳ ಹೆಸರಿನಲ್ಲಿ ಅಪರಿಚಿತನೊಬ್ಬ ನೂರಾರು ಜನರ ಕಾಗದಪತ್ರಗಳ ನಡುವೆ ನಿಂತಿರುತ್ತಿದ್ದ. ತಪ್ಪು ಅವಳದ್ದೆಂದು ಕಚೇರಿ ಹೇಳುತ್ತಿತ್ತು. ನಿಜಕ್ಕೂ ಅದು ನಮ್ಮದಾಗಿರುತ್ತಿತ್ತು.

ನಮ್ಮ ಪರಿಚಿತರೊಬ್ಬರಿಗೆ ಆದುದು ಇದಕ್ಕಿಂತಲೂ ಕಷ್ಟದ್ದು. ಊರಿನ ಅನೇಕ ಮನೆಗಳ ತೆರಿಗೆಯ ಲೆಕ್ಕ ನೋಡುವ ಸಣ್ಣ ಕಚೇರಿ ಅವರದು. ಸುರಂಗದ ಗೋಜೇಕೆಂದು, ಕಚೇರಿಯ ಗಣಕದ ಪರದೆಯನ್ನು ಮನೆಯಿಂದಲೇ ನೋಡುವ ಬಾಗಿಲನ್ನು ಅವರು ನೇರವಾಗಿ ಅಂತರಜಾಲಕ್ಕೆ ತೆರೆದಿಟ್ಟರು. ವಿಂಡೋಸ್ ಗಣಕಗಳಲ್ಲಿ ಆ ಬಾಗಿಲಿಗೆ 3389 ಎಂಬ ಸಂಖ್ಯೆ ರೂಢಿಯಲ್ಲಿದೆ. ಪಾಸ್‌ವರ್ಡು ಊರಿನ ಹೆಸರು ಮತ್ತು 123. ಮೂರನೆಯ ವಾರ ಒಂದು ಬೆಳಗ್ಗೆ ನೋಡಿದರೆ ಕಡತಗಳಿಗೆಲ್ಲ ಬೇರೆಯವರ ಬೀಗ ಬಿದ್ದಿತ್ತು. ಬಿಡಿಸಲು ಹಣ ಕೊಡಿರೆಂಬ ಒಂದು ಚೀಟಿ ಪರದೆಯ ಮೇಲಿತ್ತು. ಅವರು ಹಣ ಕೊಡಲಿಲ್ಲ. ಮೇಜಿನ ಖಾನೆಯಲ್ಲಿ ಒಂದು ತಿಂಗಳ ಹಿಂದಿನ ನಕಲಿನ ಡಿಸ್ಕು ಸಿಕ್ಕಿತು. ಉಳಿದುದನ್ನು ಮನೆಮನೆಗೆ ಹೋಗಿ ಕಾಗದ ಕೇಳಿ ಮತ್ತೆ ಬರೆದರು.

“ಈ ಮೂಲೆಯ ನಮ್ಮ ಕಚೇರಿ ಅವರ ಕಣ್ಣಿಗೆ ಹೇಗೆ ಬಿತ್ತು?” ಎಂದು ಅವರು ಕೇಳಿದ್ದುಂಟು. ಯಾರೂ ಅವರನ್ನೇ ಹುಡುಕಿಕೊಂಡು ಬಂದುದಲ್ಲ. ಹಳೆಯ ಕ್ರಮದ ಅಂತರಜಾಲ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಇವೆಲ್ಲವುಗಳ ಒಂದು ಬಾಗಿಲನ್ನು 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು 2013ರಲ್ಲಿಯೇ ತೋರಿಸಿದ್ದರು. ಕಳ್ಳರ ಯಂತ್ರಗಳು ಹಗಲಿರುಳು ಹೀಗೆ ತಟ್ಟುತ್ತಲೇ ಇರುತ್ತವೆ. ಹಳ್ಳಿಯಲ್ಲಿದ್ದೇವೆಂಬ ಮಾತ್ರಕ್ಕೆ ಮರೆಯಲ್ಲಿದ್ದೇವೆಂದು ಭಾವಿಸುವಂತಿಲ್ಲ.

ಮನೆಯವರು ಮಾಡಬೇಕಾದುದು

ಈ ಎರಡು ಪಾಠಗಳ ಬಳಿಕ ನಮ್ಮ ಮನೆಯಲ್ಲಿ ಕೆಲವು ನಿಯಮಗಳು ಬಂದವು. ಪಾಸ್‌ವರ್ಡು ಒಂದೊಂದು ಕಡೆಗೆ ಒಂದೊಂದು. ಅದು ಉದ್ದವಾಗಿರಬೇಕು, ಹೆಸರು, ಹುಟ್ಟಿದ ದಿನಗಳಾಗಿರಬಾರದು. ಮೊಬೈಲಿಗೆ ಬಂದ ಅಂಕೆಗಳನ್ನು ಯಾರು, ಎಷ್ಟು ನಯವಾಗಿ ಕೇಳಿದರೂ ಹೇಳುವಂತಿಲ್ಲ. ರೌಟರಿನೊಂದಿಗೆ ಬಂದ ಪಾಸ್‌ವರ್ಡನ್ನು ತಂದ ದಿನವೇ ಬದಲಿಸಬೇಕು. ಗಣಕವು ‘ನವೀಕರಿಸಲೇ?’ ಎಂದು ಕೇಳಿದಾಗ ನಾಳೆ ಎನ್ನಬಾರದು. ಕಚೇರಿಯ ಗಣಕ ಮಕ್ಕಳ ಆಟಕ್ಕಲ್ಲ. ಸುರಂಗವು ದಾರಿಯಲ್ಲಿ ಕಾಯುತ್ತದೆಯೇ ಹೊರತು ನೀರನ್ನು ಶುದ್ಧಿ ಮಾಡುವುದಿಲ್ಲ. ಮನೆಯ ಗಣಕಕ್ಕೆ ತಗಲಿದ ಸೋಂಕು ಅದೇ ಸುರಂಗದಲ್ಲಿ ಸುರಕ್ಷಿತವಾಗಿ ಕಚೇರಿಗೆ ತಲುಪೀತು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಕಚೇರಿಗಳ ವ್ಯವಸ್ಥೆಯಲ್ಲಿ ಕಚೇರಿಯ ಪೊಟ್ಟಣಗಳು ಮಾತ್ರ ಸುರಂಗದಲ್ಲಿ ಹೋಗುತ್ತವೆ. ಕೆಲವೆಡೆ ಆ ಗಣಕದಿಂದ ಹೊರಡುವುದೆಲ್ಲವೂ ಅಲ್ಲಿಂದಲೇ ಹಾಯಬೇಕು. ಎರಡನೆಯ ಕ್ರಮದಲ್ಲಿ ನಾವು ಯಾವ ತಾಣಗಳಿಗೆ ಹೋದೆವೆಂಬುದನ್ನು ಕಚೇರಿ ಕಾಣಬಲ್ಲದು. ಬ್ಯಾಂಕಿನ ವ್ಯವಹಾರಕ್ಕೂ ಮನೆಯ ಮಾತುಕತೆಗೂ ಬೇರೆ ಯಂತ್ರವನ್ನೇ ಬಳಸುವುದು ಲೇಸು.

ವಿ.ಪಿ.ಎನ್. ಎಂಬ ಹೆಸರಿನಲ್ಲಿಯೇ ಮಾರಾಟಕ್ಕೆ ಬರುವ, ಕೆಲವೊಮ್ಮೆ ಪುಕ್ಕಟೆಯಾಗಿಯೇ ದೊರೆಯುವ ಸೇವೆಗಳು ಬೇರೆ ಜಾತಿಯವು. ಅವು ನಮ್ಮನ್ನು ಯಾವ ಕಚೇರಿಯ ಒಳಗೂ ಒಯ್ಯುವುದಿಲ್ಲ. ನಮ್ಮ ಲಕೋಟೆಗಳನ್ನೆಲ್ಲ ಮೂರನೆಯವರೊಬ್ಬರ ಮನೆಯ ಮೂಲಕ ಹಾಯಿಸುತ್ತವೆ. ಆ ಮೂರನೆಯವರು ಎಂಥವರೆಂಬುದೇ ಅಲ್ಲಿ ಮುಖ್ಯ. ಇಂಥ ಸೇವೆ ಕೊಡುವವರು ಗ್ರಾಹಕರ ಹೆಸರು ವಿಳಾಸಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರದ ಗಣಕ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಸಂಸ್ಥೆಗಳು ತಮ್ಮ ನೌಕರರಿಗಾಗಿ ನಡೆಸುವ ಸುರಂಗಗಳಿಗೆ ಆ ನಿಯಮ ಅನ್ವಯಿಸದೆಂದು ಬಳಿಕ ಸ್ಪಷ್ಟಪಡಿಸಿತು.

ಕಾಲೇಜು ಮಕ್ಕಳಿಗೂ ಈ ದಾರಿಯ ಉಪಯೋಗವಿದೆ. ವಿಶ್ವವಿದ್ಯಾನಿಲಯಗಳು ಹಣ ಕೊಟ್ಟು ತರಿಸುವ ಅನೇಕ ಸಂಶೋಧನ ಪತ್ರಿಕೆಗಳು ಅಲ್ಲಿನ ಜಾಲದ ವಿಳಾಸದಿಂದ ಬಂದವರಿಗೆ ಮಾತ್ರ ತೆರೆದುಕೊಳ್ಳುತ್ತವೆ. ಮಳೆಗಾಲದ ರಜೆಯಲ್ಲಿ ಪೆರ್ಲದಲ್ಲೋ ಬದಿಯಡ್ಕದಲ್ಲೋ ಇರುವ ವಿದ್ಯಾರ್ಥಿ ತನ್ನ ಗ್ರಂಥಾಲಯದವರನ್ನು ದೂರಸಂಪರ್ಕದ ಸೌಲಭ್ಯವುಂಟೇ ಎಂದು ಕೇಳಬೇಕು. ಬಹಳ ಮಕ್ಕಳು ಕೇಳುವುದೇ ಇಲ್ಲ.

ಉಳಿದ ಮನೆ

ಗಡಿ ತೆರೆದು ವರ್ಷಗಳಾದವು. ಮಗಳು ಈಗ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗುತ್ತಾಳೆ, ಎರಡು ದಿನ ಚಾವಡಿಯಿಂದಲೇ ಕೆಲಸ ಮಾಡುತ್ತಾಳೆ. ಇದರಲ್ಲಿ ಎಲ್ಲವೂ ಸುಖವೆಂದಲ್ಲ. ಬಸ್ಸು ಇಳಿದೊಡನೆ ಮುಗಿಯುತ್ತಿದ್ದ ಕಚೇರಿ ಈಗ ಊಟದ ಎಲೆಯ ತನಕ ಬರುತ್ತದೆ. ಐದೂವರೆಗೆ ಸುರಂಗ ಮುಚ್ಚಲೇಬೇಕೆಂದು ಅಜ್ಜಿ ನಿಯಮ ಮಾಡಿದ ಮೇಲೆಯೇ ಮನೆಗೆ ಸಂಜೆಯೆಂಬುದು ಮರಳಿತು.

ಆದರೂ ಒಂದು ಮಾತನ್ನು ಹೇಳಲೇಬೇಕು. ಓದಿದ ಮಕ್ಕಳು ಬೆಂಗಳೂರಿಗೋ ಪರದೇಶಕ್ಕೋ ಹೋದಂತೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ವೃದ್ಧರಷ್ಟೇ ಉಳಿದಿದ್ದಾರೆ. ಮನೆಗಳಲ್ಲಿ ಮಕ್ಕಳಿಲ್ಲದಿದ್ದರೆ ಊರಿನ ಕನ್ನಡ ಶಾಲೆಗೆ ಮಕ್ಕಳು ಎಲ್ಲಿಂದ ಬರಬೇಕು? ಈ ಸುರಂಗದ ದೆಸೆಯಿಂದ ನಮ್ಮ ಬೀದಿಯಲ್ಲಿಯೇ ಎರಡು ಸಂಸಾರಗಳು ಊರು ಬಿಡದೆ ನಿಂತಿವೆ. ಅವರ ಮಕ್ಕಳು ಬೆಳಗ್ಗೆ ಚೀಲ ಹೊತ್ತು ನಮ್ಮ ಗೇಟಿನ ಮುಂದೆಯೇ ಶಾಲೆಗೆ ನಡೆಯುತ್ತಾರೆ. ದೂರದ ಕಚೇರಿಯವರು ತಮ್ಮ ಒಳಮನೆಯ ಕೀಲಿಯನ್ನು ನಮ್ಮ ಮಕ್ಕಳ ಕೈಗೆ ಕೊಟ್ಟಿರುವುದರಿಂದಲೇ ಇದು ಸಾಧ್ಯವಾಗಿದೆ. ಆ ನಂಬಿಕೆ ಕೆಟ್ಟರೆ ಮಕ್ಕಳು ಮತ್ತೆ ಗಂಟುಮೂಟೆ ಕಟ್ಟಬೇಕಾದೀತು. ಆದುದರಿಂದ ಆ ಕೀಲಿಯನ್ನು ಕಾಯುವ ಹೊಣೆ ಗಣಕದ ಮುಂದೆ ಕುಳಿತವರದು ಮಾತ್ರವಲ್ಲ. ಫೋನು ಎತ್ತುವ ನಮ್ಮಂಥ ಹಿರಿಯರದೂ ಹೌದು. ನಾಲ್ಕು ಅಂಕೆ ಹೇಳಿಬಿಟ್ಟ ನಾವು ಇದನ್ನು ಅನುಭವದಿಂದಲೇ ಬರೆಯುತ್ತಿದ್ದೇವೆ.